ಎಲ್ಲ ಮರೆವಿಗೂ ಒಂದೇ ಡಬ್ಬ?

ಬೆಳಿಗ್ಗೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಬ್ಬಾತ ಹಿರಿಯರನ್ನೆಲ್ಲ ಸುತ್ತ ಕೂರಿಸಿಕೊಂಡಿದ್ದ. ಮರೆವಿನ ಕಾಯಿಲೆಗಳಿಗೆಲ್ಲ ಮಿದುಳಿನ ಉರಿಯೂತವೇ ಮೂಲ, ಅದನ್ನು ಇಳಿಸಿದರೆ ನೆನಪು ಮರಳುತ್ತದೆ ಎಂದು ಹೇಳಿ ಅರಿಸಿನದ ಪುಡಿಯ ಡಬ್ಬ ಮಾರುತ್ತಿದ್ದ. ಅಲ್ಲಿಯೇ ಜಗಳವಾಡಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಉರಿಯೂತಕ್ಕೂ ಡಿಮೆನ್ಶಿಯಾಕ್ಕೂ, ಅಂದರೆ ಈ ಮರೆವಿನ ಕಾಯಿಲೆಗಳಿಗೂ, ನಂಟಿರುವುದು ನಿಜ. ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ರಕ್ಷಣಾ ಕೋಶಗಳಿವೆ. ಕಸ ನುಂಗುವುದು, ಸೋಂಕಿಗೆ ಎದುರು ನಿಲ್ಲುವುದು ಅವುಗಳ ಕೆಲಸ. ಅಲ್ಜೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್ ಪ್ರೋಟೀನ್ ಗಟ್ಟಿಕಟ್ಟಿದ ಕಡೆಯೆಲ್ಲ ಇವು ಮುತ್ತಿಕೊಳ್ಳುತ್ತವೆ. ವರ್ಷಗಟ್ಟಲೆ ಕೆರಳಿಯೇ ಇದ್ದರೆ ಪಕ್ಕದ ನರಕೋಶಗಳಿಗೂ ಪೆಟ್ಟು ಬೀಳುತ್ತದೆ. ಆತ ಹೇಳಿದ್ದು ಇಷ್ಟು ಮಾತ್ರ. 2013ರಲ್ಲಿ ತಿಳಿದುಬಂದ ಸಂಗತಿಯನ್ನು ಹೇಳಲೇ ಇಲ್ಲ: ಟ್ರೆಮ್2 ಎಂಬ ವಂಶವಾಹಿಯ ಒಂದು ಅಪರೂಪದ ವ್ಯತ್ಯಾಸದಿಂದ ಇದೇ ಕೋಶಗಳ ಕೆಲಸ ಕುಂದಿದವರಿಗೆ ಅಲ್ಜೈಮರ್ ಅಪಾಯ ಎರಡು ಮೂರು ಪಟ್ಟು ಹೆಚ್ಚು. ಕಾವಲುಗಾರ ಮಲಗಿದರೂ ಮನೆ ಹಾಳು. ಹಾಗಿರುವಾಗ ಈ ಪುಡಿ ಇಳಿಸುವುದು ಏನನ್ನು?

ಅಪ್ಪನ ಕೊನೆಯ ವರ್ಷಗಳನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಮೂತ್ರದ ಸೋಂಕು ತಗುಲಿದಾಗಲೆಲ್ಲ ಅವರು ರಾತ್ರಿ ಬೆಳಗಾಗುವುದರೊಳಗೆ ಅಮ್ಮನ ಗುರುತನ್ನೇ ಕಳೆದುಕೊಳ್ಳುತ್ತಿದ್ದರು. ಆಂಟಿಬಯೋಟಿಕ್ ಕೊಟ್ಟ ಮೇಲೆ ಚೇತರಿಸಿಕೊಳ್ಳುತ್ತಿದ್ದರು, ಆದರೆ ಮೊದಲಿನಷ್ಟಲ್ಲ. ಆಗ ಯಾರಾದರೂ ಇಂಥ ಡಬ್ಬ ಹಿಡಿದು ಬಾಗಿಲಿಗೆ ಬಂದಿದ್ದರೆ ಕೇಳಿದಷ್ಟು ಕೊಟ್ಟುಬಿಡುತ್ತಿದ್ದೆ. ಆ ಹತಾಶೆಯನ್ನೇ ಇವರು ಬಂಡವಾಳ ಮಾಡಿಕೊಂಡಿದ್ದಾರೆ.

‘ಅರಿಸಿನ ತಾನೇ, ತಿಂದರೆ ನಷ್ಟವೇನು’ ಎಂದು ಪಕ್ಕದ ಮನೆಯವರು ನನ್ನನ್ನೇ ಕೇಳಿದರು. ಸಾರಿಗೆ ಹಾಕಿದರೆ ನಷ್ಟವಿಲ್ಲ. ಔಷಧವೆಂದು ನಂಬಿ ವೈದ್ಯರ ಭೇಟಿಯನ್ನು ಮುಂದೂಡಿದರೆ ದೊಡ್ಡ ನಷ್ಟ. ಉರಿಯೂತ ತಗ್ಗಿಸುವ ಅಸಲಿ ಮಾತ್ರೆಗಳೇ ಇಲ್ಲಿ ಸೋತಿವೆ. ಅಮೆರಿಕದಲ್ಲಿ 70 ದಾಟಿದ 2,500ಕ್ಕೂ ಹೆಚ್ಚು ಮಂದಿಗೆ ನ್ಯಾಪ್ರೊಕ್ಸೆನ್, ಸೆಲೆಕಾಕ್ಸಿಬ್ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದರು. ಹೃದಯಕ್ಕೆ ಅಪಾಯವೆಂಬ ಆತಂಕದಿಂದ 2004ರಲ್ಲಿ ಮಾತ್ರೆ ನಿಲ್ಲಿಸಬೇಕಾಯಿತು. ಅಲ್ಜೈಮರ್ ತಡೆದ ಪುರಾವೆಯೂ ಸಿಗಲಿಲ್ಲ.

ಎಲ್ಲ ಮರೆವೂ ಒಂದೇ ಎಂಬ ಸುಳ್ಳಿನ ಮೇಲೆ ನನಗೆ ಹೆಚ್ಚಿನ ಕೋಪ. ಮಿದುಳಿನ ಮುಂಭಾಗ, ಪಕ್ಕದ ಭಾಗ ಸವೆಯುವ ಫ್ರಂಟೋಟೆಂಪೊರಲ್ ಡಿಮೆನ್ಶಿಯಾ ಬರುವ ಕೆಲವರಲ್ಲಿ ಪ್ರೋಗ್ರಾನ್ಯುಲಿನ್ ಎಂಬ ಪ್ರೋಟೀನ್ ಹುಟ್ಟಿನಿಂದಲೇ ಅರ್ಧಕ್ಕರ್ಧ ಕಡಿಮೆ; ಮೈಕ್ರೋಗ್ಲಿಯಾ ಹದ್ದು ಮೀರುವುದು ಅದರಿಂದ. ರಕ್ತನಾಳದ ಡಿಮೆನ್ಶಿಯಾದಲ್ಲಿ ಬಿಪಿ, ಸಕ್ಕರೆ ಹತೋಟಿಯಲ್ಲಿರಬೇಕು. ಎಲ್‌ಜಿಐ1 ಎನ್ಸೆಫಲೈಟಿಸ್ ನೋಡುವುದಕ್ಕೆ ಡಿಮೆನ್ಶಿಯಾದಂತೆಯೇ ಇರುತ್ತದೆ, ಆದರೆ ಅದು ರೋಗನಿರೋಧಕ ವ್ಯವಸ್ಥೆ ಮಿದುಳಿನ ಮೇಲೆ ನಡೆಸುವ ನೇರ ದಾಳಿ. ಬೇಗ ಪತ್ತೆಯಾಗಿ ಸ್ಟೀರಾಯ್ಡ್‌ನಂಥ ಚಿಕಿತ್ಸೆ ಸಿಕ್ಕರೆ ಹಲವರು ಸುಧಾರಿಸುತ್ತಾರೆ. ಅಂಥವರು ಪುಡಿ ನೆಕ್ಕುತ್ತ ತಿಂಗಳುಗಟ್ಟಲೆ ಕೂತರೆ ಹೊಣೆ ಯಾರು?

ನಿಮ್ಮ ಮನೆಯ ಹಿರಿಯರಿಗೆ ಕೆಲವೇ ವಾರಗಳಲ್ಲಿ ಮರೆವು ಹೆಚ್ಚಿದರೆ, ಮುಖ ಮತ್ತು ಕೈ ಒಂದೇ ಬದಿಗೆ ಕ್ಷಣಕಾಲ ಸೆಳೆದು ಬಿಡುತ್ತಿದ್ದರೆ, ರಕ್ತದಲ್ಲಿ ಸೋಡಿಯಂ ಇಳಿದಿದ್ದರೆ ನರರೋಗ ತಜ್ಞರಿಗೆ ತಪ್ಪದೆ ಹೇಳಿ. ಇವು ಎಲ್‌ಜಿಐ1 ಎನ್ಸೆಫಲೈಟಿಸ್‌ನ ಸುಳಿವಾಗಿರಬಹುದು; ಅದನ್ನು ಪತ್ತೆಹಚ್ಚುವ ಪ್ರತಿಕಾಯ (ಆಂಟಿಬಾಡಿ) ಪರೀಕ್ಷೆ ಬೇಕೇ ಎಂದು ನೀವೇ ಕೇಳಿ.