ಸಮುದ್ರ ಮನೆಯಲ್ಲಿರಲಿಲ್ಲ

ಅಂಡಮಾನಿಗೆ ಹೋಗೋಣ ಎಂದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ದೇವರು ಯಾವುದೈತಿ?" ನಾನು ನೀಲ್ ದ್ವೀಪದ ಊರುಗಳ ಹೆಸರು ಓದಿದೆ. ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ. ಅವ್ವ ಆಗಲೇ ಚೀಲಕ್ಕೆ ಊದಿನಕಡ್ಡಿ ಹಾಕಿಕೊಂಡಳು. ಅವೆಲ್ಲ ಬೀಚುಗಳ ಹೆಸರೂ ಹೌದು ಅನ್ನೋದನ್ನು ನಾನು ಸುಮ್ನೆ ನುಂಗಿಕೊಂಡೆ. ಹಡಗಿನಲ್ಲಿ ಗುಟ್ಟು ರಟ್ಟಾಯಿತು. "ರಾಮನಗರ ನೋಡಾಕ ವಿಮಾನ ಯಾಕ ಹತ್ತಬೇಕಿತ್ತೋ? ಲೋಂಡಾದ ಬಾಜೂಕ ಒಂದು ಐತಲ್ಲ!"

ಧಾರವಾಡದವರಿಗೆ ಇದಕ್ಕೆ ಉತ್ತರ ಕೊಡೋದು ಕಷ್ಟ. ಅಷ್ಟರಲ್ಲಿ ಹಡಗು ಓಲಾಡತೊಡಗಿತು. ಪೋರ್ಟ್ ಬ್ಲೇರಿನಿಂದ ನೀಲ್‌ಗೆ ಸುಮಾರು ಎರಡು ಗಂಟೆಯ ದಾರಿ. ಅದರಲ್ಲಿ ನನ್ನ ಪಾಲಿನದನ್ನು ಪ್ಲಾಸ್ಟಿಕ್ ಚೀಲದ ಜೊತೆ ಕಳೆದೆ. ಅಂದಹಾಗೆ, 2018ರಿಂದ ಇದರ ಹೆಸರು ಶಹೀದ್ ದ್ವೀಪ. ಆದರೆ ಹಡಗಿನಲ್ಲಿ, ಆಟೋದಲ್ಲಿ, ಚಹಾದಂಗಡಿಯಲ್ಲಿ ಎಲ್ಲರ ಬಾಯಲ್ಲೂ ಇನ್ನೂ ನೀಲೇ.

ಮೊದಲ ದಿನ ಊಟ ಮಾಡಿ, ಒಂದು ನಿದ್ದೆ ತೆಗೆದು, ಚಹಾ ಕುಡಿದು, ಐದೂವರೆಗೆ ಸೂರ್ಯಾಸ್ತ ನೋಡಲು ಲಕ್ಷ್ಮಣಪುರಕ್ಕೆ ಹೊರಟೆವು. ದಾರಿಯುದ್ದಕ್ಕೂ ಜನ ನಮ್ಮ ಎದುರಿಗೇ ಬರುತ್ತಿದ್ದರು. ಮದುವೆ ಮುಗಿದು ಎಲ್ಲರೂ ತಾಂಬೂಲದ ಚೀಲ ಹಿಡಿದು ವಾಪಸು ಹೋಗುವಾಗ ನಾವು ಅಕ್ಷತೆ ಹಾಕಲು ಹೊರಟಂತೆ. ಆಟೋದವನು ಏನೂ ಹೇಳಲಿಲ್ಲ. ಸುಮ್ನೆ ಹೆಡ್‌ಲೈಟ್ ಹಾಕಿದ. ಕೈಗಡಿಯಾರ ನಮ್ಮೂರಿನದೇ, ಸೂರ್ಯ ಮಾತ್ರ ಅಲ್ಲಿಯವನು. ಅಂಡಮಾನ್ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರದ ಸಮಯ ಇಡೀ ದೇಶಕ್ಕೆ ಒಂದೇ. ಹಾಗಾಗಿ ಡಿಸೆಂಬರಿನಲ್ಲಿ ಐದೂ ಕಾಲು ಅನ್ನೋಷ್ಟರಲ್ಲಿ ಅವನು ಮುಳುಗಿಯೇ ಬಿಟ್ಟಿರುತ್ತಾನೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಭರತಪುರ. ಹುಬ್ಬಳ್ಳಿಯಲ್ಲಿ ಕೊಂಡ ಕನ್ನಡಕ, ಉಸಿರಾಡುವ ಕೊಳವೆ, ಹೂವಿನ ಚಡ್ಡಿ, ಎಲ್ಲ ಹಾಕಿಕೊಂಡು ಬೀಚಿಗಿಳಿದರೆ ಸಮುದ್ರ ಇಲ್ಲ! ದೋಣಿಗಳು ಮರಳಿನ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದವು. ಅಲ್ಲಲ್ಲಿ ಪಾದ ಮುಳುಗುವಷ್ಟು ನೀರು, ಮಧ್ಯೆ ಕಪ್ಪಗೆ ಹವಳದ ಬಂಡೆಗಳು. ನಿಜವಾದ ಸಮುದ್ರ ಎಲ್ಲೋ ದೂರದಲ್ಲಿ ಬಿಳಿ ಗೆರೆಯಂತೆ ಕಾಣುತ್ತಿತ್ತು. ಸಾವಿರಾರು ಕಿಲೋಮೀಟರ್ ಬಂದು ನೆಂಟರ ಮನೆ ಮುಂದೆ ನಿಂತರೆ ಬಾಗಿಲಿಗೆ ಬೀಗ. ನಾನು ಕೊಳವೆ ಕಚ್ಚಿಕೊಂಡೇ ನಿಂತಿದ್ದೆ. ಒಂದು ಸಣ್ಣ ಹುಡುಗಿ ತನ್ನ ಅಪ್ಪನಿಗೆ ನನ್ನನ್ನು ತೋರಿಸಿದಳು.

ಎಳನೀರಿನವನು ಸಮಾಧಾನ ಹೇಳಿದ. "ಜ್ವಾರ್ ಚಾರ್ ಬಜೇ ಆಯೇಗಾ."

ಅವ್ವನ ಮುಖ ಅರಳಿತು. "ನಾಲ್ಕು ಗಂಟೆಗೆ ಜೋಳ ಬರತೈತಂತ! ರೊಟ್ಟಿ ತಿಂದು ಐದು ದಿನ ಆತು."

ಅವಳದು ತಪ್ಪೇನಿಲ್ಲ. ಹಿಂದಿಯಲ್ಲಿ ಜೋಳವೂ ಜ್ವಾರ್, ಉಬ್ಬರವೂ ಜ್ವಾರ್. ಅದೂ ಅಲ್ಲದೆ ಈ ದ್ವೀಪದ ತುಂಬ ಹೊಲ, ತೋಟ. 1960ರ ದಶಕದಲ್ಲಿ ಇಲ್ಲಿಗೆ ಬಂದು ನೆಲೆಸಿದ ಬಂಗಾಳಿ ಕುಟುಂಬಗಳು ಬೆಳೆಯುವ ತರಕಾರಿ ಪೋರ್ಟ್ ಬ್ಲೇರಿಗೂ ಹೋಗುತ್ತದೆ. ಒಂದು ಚೀಲ ಜೋಳ ಬಂದರೆ ಆಶ್ಚರ್ಯವೇನು, ಅಲ್ವಾ?

ಜ್ವಾರ್ ಹೇಳಿದ ಹೊತ್ತಿಗೇ ಬಂತು. ಆದರೆ ನಾವು ಆಗ ಇದ್ದದ್ದು ದ್ವೀಪದ ಇನ್ನೊಂದು ತುದಿಯಲ್ಲಿ, ಲಕ್ಷ್ಮಣಪುರದ ಕಡೆ, ನೀರು ಕೊರೆದು ಮಾಡಿದ ಕಲ್ಲಿನ ಕಮಾನಿನ ಹತ್ತಿರ. ಜನ ಅದನ್ನು ಹೌರಾ ಬ್ರಿಡ್ಜ್ ಅನ್ನುತ್ತಾರೆ. ನೀರು ಇಳಿದಾಗ ಮಾತ್ರ ಬಂಡೆಗಳ ಮೇಲೆ ನಡೆದು ಅಲ್ಲಿಗೆ ಹೋಗಬಹುದು. ಈಜಲು ಹೋದರೆ ನೀರಿಲ್ಲ, ನಡೆಯಲು ಹೋದರೆ ನೀರೇ ನೀರು. ಬಂಡೆಯ ಮೇಲೆ ಬಿಟ್ಟಿದ್ದ ನನ್ನ ಹೊಸ ಚಪ್ಪಲಿಯನ್ನೂ ಅದು ಕರೆದುಕೊಂಡು ಹೋಯಿತು.

ಬರಿಗಾಲಲ್ಲಿ ರೂಮಿಗೆ ಬಂದೆ. ಹೆಂಡತಿಯ ಮುಷ್ಟಿಯಲ್ಲಿ ಒಂದು ಚೆಂದದ ಶಂಖ ಇತ್ತು. ಇಲ್ಲಿಂದ ಚಿಪ್ಪು, ಹವಳ ಒಯ್ಯುವಂತಿಲ್ಲ ಅಂತ ನೆನಪಿಸಿದೆ. "ಗೊತ್ತೈತ್ರಿ, ಒಂದು ರಾತ್ರಿ ನೋಡಿ ಮುಂಜಾನೆ ಅಲ್ಲೇ ಇಟ್ಟು ಬರೋಣು" ಅಂದಳು.

ರಾತ್ರಿ ಎರಡು ಗಂಟೆಗೆ ಟಕ್... ಟಕ್... ಮೊಬೈಲ್ ಟಾರ್ಚ್ ಹಾಕಿದೆ. ಶಂಖ ನೆಲದ ಮೇಲೆ ನಡೆದು ಹೋಗುತ್ತಿತ್ತು! ಅಡಿಯಿಂದ ಕೆಂಪಗಿನ ಕಾಲುಗಳು, ಕಡ್ಡಿಯ ಮೇಲೆ ಇಟ್ಟಂತೆ ಎರಡು ಕಣ್ಣು. ಹೋಗುತ್ತಿದ್ದುದು ನೇರ ಅವ್ವನ ಕರದಂಟಿನ ಡಬ್ಬಿಯ ಕಡೆಗೆ. ನಾನು ಮಂಚದ ಮೇಲೆ ಎದ್ದು ನಿಂತೆ. ಅವ್ವ ಮಾತ್ರ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಖಾಲಿ ಶಂಖದಲ್ಲಿ ಸಂಸಾರ ಹೂಡುವ ಸನ್ಯಾಸಿ ಏಡಿ ಇದು ಅಂತ ಮೇಲಿಂದಲೇ ವಿವರಿಸಿದೆ. "ಪಾಪ, ಬಾಡಿಗಿ ಮನಿ ಸಮೇತ ಹೊತ್ತು ತಂದೀರಲ್ಲೋ" ಅಂದಳು.

ಐದು ಗಂಟೆಗೇ ಆಟೋ ಹಿಡಿದು, ಏಡಿಯನ್ನು ಬಕೆಟ್ಟಿನಲ್ಲಿ ಕೂರಿಸಿಕೊಂಡು ಮತ್ತೆ ಲಕ್ಷ್ಮಣಪುರ. ಸೂರ್ಯೋದಯಕ್ಕೆ ಪ್ರಸಿದ್ಧವಾದ ಸೀತಾಪುರ ಇರುವುದು ಎದುರು ದಿಕ್ಕಿನಲ್ಲಿ ಅಂತ ಬೇರೆ ಹೇಳಬೇಕಿಲ್ಲ. ಏಡಿಯನ್ನು ಮರಳಿನ ಮೇಲೆ ಬಿಟ್ಟೆವು. ಅದು ಅಲುಗಾಡಲಿಲ್ಲ. ಅವ್ವ ಪಕ್ಕದಲ್ಲಿ ಊದಿನಕಡ್ಡಿ ಹಚ್ಚಿ ಕೈ ಮುಗಿದಳು. ಏಡಿಗೋ, ಸಮುದ್ರಕ್ಕೋ, ಕೇಳಲಿಲ್ಲ. ಅಷ್ಟರಲ್ಲಿ ಸ್ವಲ್ಪ ದೂರದಲ್ಲಿ ನನ್ನ ಎಡಗಾಲಿನ ಚಪ್ಪಲಿ ಕಾಣಿಸಿತು. ಮರಳು ತುಂಬಿಕೊಂಡು ದಂಡೆಗೆ ಬಿದ್ದಿತ್ತು.

"ಬಲಗಾಲಿನದೂ ಸಿಗಬಹುದು ಸಾಬ್" ಅಂದ ಆಟೋದವನು. "ಇವತ್ತು ಹನ್ನೊಂದಕ್ಕೆ ನೀರು ಪೂರ್ತಿ ಇಳಿಯುತ್ತೆ. ಆರಾಮಾಗಿ ಬ್ರಿಡ್ಜ್ ತನಕ ನಡೆದುಕೊಂಡು ಹೋಗಬಹುದು."

ನಮ್ಮ ಹಡಗು ಹತ್ತೂವರೆಗೆ.