ಜೆಲ್ ಚುಚ್ಚುಮದ್ದಿನಿಂದ ಸವೆದ ಮಂಡಿ ಬೆಳೆಯುವುದಿಲ್ಲ

‘ಮಂಡಿಗೆ ಒಂದು ಜೆಲ್ ಚುಚ್ಚುಮದ್ದು ಹಾಕಿಸಿದರೆ ಸವೆದ ಮೃದ್ವಸ್ಥಿ (ಮೂಳೆ ತುದಿಯ ಮೆತ್ತನೆಯ ಹೊದಿಕೆ) ಮತ್ತೆ ಬೆಳೆಯುತ್ತದೆ, ಶಸ್ತ್ರಚಿಕಿತ್ಸೆಯೇ ಬೇಡ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸುಳ್ಳು.

ಆ ಜೆಲ್ ಎಂದರೆ ಹೈಅಲ್ಯುರಾನಿಕ್ ಆಮ್ಲ. ಕೀಲಿನ ದ್ರವಕ್ಕೆ ಜಾರುವ ಗುಣ ಕೊಡುವ ಈ ವಸ್ತು ನಮ್ಮ ದೇಹದಲ್ಲೇ ಇದೆ; ಕೀಲು ಸವೆಯುವ ಕಾಯಿಲೆಯಾದ ಆಸ್ಟಿಯೋ ಆರ್ಥ್ರೈಟಿಸ್‌ನಲ್ಲಿ ಅದು ತೆಳುವಾಗುತ್ತದೆ. ಹೊರಗಿನಿಂದ ತುಂಬಿದ್ದು ಬಹುಕಾಲ ಕೀಲಿನಲ್ಲಿ ನಿಲ್ಲುವುದಿಲ್ಲ. ಅಮೆರಿಕದಲ್ಲಿ 1997ರಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು ಮಂಡಿನೋವಿನ ಶಮನಕ್ಕೇ ಹೊರತು ಮೃದ್ವಸ್ಥಿ ಬೆಳೆಸುವುದಕ್ಕಲ್ಲ. ನೋವಿನ ವಿಷಯದಲ್ಲೂ ಭರವಸೆ ಕುಗ್ಗಿದೆ. ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಔಷಧವಿಲ್ಲದ ಹುಸಿ ಚುಚ್ಚುಮದ್ದಿಗಿಂತ ಇದರಿಂದ ಸಿಗುವ ಹೆಚ್ಚುವರಿ ಉಪಶಮನ ರೋಗಿಯ ಅನುಭವಕ್ಕೆ ಬರಲಾರದಷ್ಟು ಚಿಕ್ಕದು. ಅದೇ ವರ್ಷ ಚಿಕಿತ್ಸೆಗಳ ಬಗ್ಗೆ ವೈದ್ಯರಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಇದನ್ನು ಕೊಡಬೇಡಿ ಎಂದೇ ವೈದ್ಯರಿಗೆ ಸೂಚಿಸಿತು.

ಚುಚ್ಚಿಸಿಕೊಂಡು ಹಾಯೆನಿಸಿದವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಿರಿಯರ ಉಳಿತಾಯದ ಹಣವನ್ನು ಇಂಥ ಸುಳ್ಳಿಗೆ ಸುರಿಸುವುದು ಅನ್ಯಾಯ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಹೆಚ್ಚಿದ ತೂಕದ ಇಳಿಕೆ: ಇವಕ್ಕೆ ಗಟ್ಟಿ ಪುರಾವೆಯಿದೆ. ಈಗಾಗಲೇ ಚುಚ್ಚಿಸಿಕೊಂಡ ಮಂಡಿ ಬಾತು ಬಿಸಿಯಾಗಿ, ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ.