ಗುಲಾಬಿಯ ಕಾವಲಿಗೆ ನಿಂತವರು

ಹದಿಮೂರನೆಯ ಶತಮಾನದ ಫ್ರೆಂಚ್ ರೂಪಕ ಕಾವ್ಯ ‘ರೋಮಾನ್ ದ ಲಾ ರೋಸ್’ ಅನ್ನು ಪ್ರೇಮಿಯ ಪಕ್ಷ ವಹಿಸಿ ಓದುವುದು ವಾಡಿಕೆ. ನನ್ನ ಒಲವು ಅವನನ್ನು ಅಡ್ಡಗಟ್ಟುವವರ ಕಡೆಗಿದೆ.

ಸುಮಾರು 1230ರಲ್ಲಿ ಗಿಯೋಮ್ ದ ಲೊರಿಸ್ ಬರೆದ ಮೊದಲ ಭಾಗ 4,000 ಸಾಲುಗಳನ್ನು ತುಸು ದಾಟಿ ಅಪೂರ್ಣವಾಗಿ ನಿಲ್ಲುತ್ತದೆ. ಇಪ್ಪತ್ತರ ಹರೆಯದ ಯುವಕನೊಬ್ಬ ಕನಸಿನಲ್ಲಿ ಒಂದು ತೋಟಕ್ಕೆ ಬರುತ್ತಾನೆ. ದ್ವೇಷ, ಲೋಭ, ಮುಪ್ಪು, ಬಡತನ ಮೊದಲಾದವು ಗೋಡೆಯ ಹೊರಮೈಯಲ್ಲಿ ಚಿತ್ರಗಳಾಗಿಯೇ ಉಳಿದಿವೆ; ಬಾಗಿಲು ತೆರೆಯುವವಳ ಹೆಸರು ಆಲಸ್ಯ. ದುಡಿದು ಉಣ್ಣುವವರಿಗೆ ಈ ಬಗೆಯ ಪ್ರೇಮ ದಕ್ಕುವುದಿಲ್ಲವೆಂದು ಕವಿ ಹೊಸ್ತಿಲಲ್ಲೇ ಹೇಳಿಬಿಟ್ಟಂತಿದೆ. ಒಳಗೆ ಪ್ರೇಮದೇವತೆ ಅವನಿಗೆ ಐದು ಬಾಣಗಳನ್ನು ಹೊಡೆಯುತ್ತಾನೆ (ನಮ್ಮ ಮನ್ಮಥನ ನೆನಪಾಗದೆ ಇರದು), ಅವನ ಮನಸ್ಸು ಒಂದು ಗುಲಾಬಿ ಮೊಗ್ಗಿನಲ್ಲಿ ನೆಡುತ್ತದೆ.

ಇಲ್ಲಿ ಗುಲಾಬಿಯೇ ಹೆಣ್ಣು; ಅವಳು ಒಬ್ಬ ವ್ಯಕ್ತಿಯಾಗಿ ಎದುರು ಬರುವುದೇ ಇಲ್ಲ. ಆದರಿಸುವ ಸೌಜನ್ಯ, ನಾಚಿಕೆ, ಭಯ, ನಿರಾಕರಣೆ ಎಂದು ಅವಳ ಮನಸ್ಸೇ ಹಲವು ಪಾತ್ರಗಳಾಗಿ ಒಡೆದು ಮಾತಾಡುತ್ತದೆ. ಇವರಲ್ಲಿ ನನಗೆ ಅಚ್ಚುಮೆಚ್ಚಿನವನು ‘ದಾಂಜಿಯೆ’ ಎಂಬ ನಿರಾಕರಣೆ: ಕೆದರಿದ ಕೂದಲು, ಕೆಂಡದಂಥ ಕಣ್ಣು, ಕೈಯಲ್ಲಿ ದೊಣ್ಣೆ. ಪ್ರೇಮಿ ಹೂವಿಗೆ ಮುತ್ತಿಟ್ಟ ಸುದ್ದಿಯನ್ನು ‘ಕೆಟ್ಟ ನಾಲಿಗೆ’ ಎಂಬ ಚಾಡಿಕೋರ ಊರೆಲ್ಲ ಹಬ್ಬಿಸಿದ ಮೇಲೆ ನಾಚಿಕೆಯೂ ಭಯವೂ ಇವನನ್ನು ಹುಡುಕಿ ಬಂದರೆ, ಈ ಭಯಂಕರ ಕಾವಲುಗಾರ ಹುಲ್ಲಿನ ರಾಶಿಯನ್ನು ತಲೆದಿಂಬು ಮಾಡಿಕೊಂಡು ಮರದಡಿ ಮಲಗಿರುತ್ತಾನೆ. ಚೆನ್ನಾಗಿ ಬೈಸಿಕೊಂಡು ಎದ್ದವನೇ ಬೇಲಿಯ ಸಂದುಗೊಂದುಗಳನ್ನು ಮುಚ್ಚಲು ಹೊರಡುತ್ತಾನೆ. ಒಮ್ಮೆ ಸಡಿಲಗೊಂಡ ಮನಸ್ಸು ಮತ್ತೆ ಬಿಗಿಯಾಗುವ ಬಗೆಯನ್ನು ಇಷ್ಟು ನಗುನಗುತ್ತಾ, ಇಷ್ಟು ನಿಖರವಾಗಿ ಹಿಡಿದ ಕವಿಗಳು ವಿರಳ. ಬೇಡವೆನ್ನುವುದು ಅವಳ ಹಕ್ಕೆಂದು ಲೊರಿಸ್ ಬಾಯಿಬಿಟ್ಟು ಹೇಳದಿದ್ದರೂ, ಆ ‘ಬೇಡ’ಕ್ಕೆ ಅವನು ಮೈ, ಮಾತು, ಸಿಟ್ಟು ಎಲ್ಲವನ್ನೂ ಕೊಟ್ಟಿದ್ದಾನೆ.

ಸುಮಾರು 40 ವರ್ಷಗಳ ನಂತರ ಜಾನ್ ದ ಮನ್ 17,000ಕ್ಕೂ ಮಿಕ್ಕಿದ ಸಾಲುಗಳಲ್ಲಿ ಇದನ್ನು ಮುಂದುವರಿಸಿದ. ಅವನ ಪಾಂಡಿತ್ಯ ದೊಡ್ಡದು, ವ್ಯಂಗ್ಯ ಹರಿತವಾದದ್ದು. ಆದರೆ ಅವನ ಕೈಯಲ್ಲಿ ಅಡೆತಡೆಗಳು ಬರಿಯ ಶತ್ರುಸೈನ್ಯವಾಗುತ್ತವೆ. ಸನ್ಯಾಸಿ ವೇಷದ ಕಪಟಿ ‘ಕೆಟ್ಟ ನಾಲಿಗೆ’ಯ ಕತ್ತು ಹಿಸುಕುತ್ತಾನೆ, ಪ್ರೇಮದೇವತೆಯ ತಾಯಿ ವೀನಸ್ ಗುಲಾಬಿಯನ್ನು ಸುತ್ತುವರಿದ ಕೋಟೆಗೆ ಬೆಂಕಿ ಹಚ್ಚುತ್ತಾಳೆ, ಕಾವಲಿನವರು ದಿಕ್ಕಾಪಾಲಾಗಿ ಓಡುತ್ತಾರೆ, ಹೂವು ಪ್ರೇಮಿಯ ಪಾಲಾಗುತ್ತದೆ. ಒಂದು ಮನಸ್ಸನ್ನು ಒಲಿಸಿಕೊಳ್ಳುವ ಕಥೆ ಕೋಟೆಯನ್ನು ಸೂರೆಹೊಡೆದ ಕಥೆಯಾದದ್ದನ್ನು ಪೂರ್ಣತೆ ಎಂದು ಕರೆಯಲು ನಾನು ಸಿದ್ಧನಿಲ್ಲ.

ಈ ಭಾಗದ ಸ್ತ್ರೀನಿಂದೆಯನ್ನೂ ಅಶ್ಲೀಲತೆಯನ್ನೂ ಲೇಖಕಿ ಕ್ರಿಸ್ತೀನ್ ದ ಪಿಜಾನ್ 1401-02ರ ವಾಗ್ವಾದದಲ್ಲಿ ನೇರವಾಗಿ ಖಂಡಿಸಿದಳು. ರಾಜನ ಕಾರ್ಯದರ್ಶಿಗಳಾಗಿದ್ದ ವಿದ್ವಾಂಸರು ಕವಿಯ ಬೆನ್ನಿಗೆ ನಿಂತರು. ಮಾತು ಹಿಂತೆಗೆದುಕೊಳ್ಳುವಂತೆ ಅವಳಿಗೆ ಪತ್ರವೂ ಬಂತು. ಅವಳು ಹಿಂತೆಗೆದುಕೊಳ್ಳಲಿಲ್ಲ. ವಾಗ್ವಾದದ ಪತ್ರಗಳನ್ನು ಒಟ್ಟುಗೂಡಿಸಿ ಫ್ರಾನ್ಸಿನ ರಾಣಿ ಇಸಾಬೋಗೆ ಒಪ್ಪಿಸಿದಳು.